ಸೋತು ಬಂದವರ ಸಂತೋಷ

ಅಮೆರಿಕದಲ್ಲಿ ನೆಲೆಸಿದ ಮಗನನ್ನೋ ಮಗಳನ್ನೋ ನೋಡಲು ಹೋಗಿ ಬಂದ ನಮ್ಮ ಕಡೆಯ ಹಿರಿಯರು ತೋರಿಸುವ ಚಿತ್ರಗಳಲ್ಲಿ ನಯಾಗರ ಜಲಪಾತದ ಜೊತೆಗೆ ಲಾಸ್ ವೇಗಸ್ ನಗರವೂ ಇರುವುದುಂಟು. ಮನೆಯೊಳಗೆ ಇಸ್ಪೀಟು ಎಲೆ ತರಗೊಡದೆ ಮಕ್ಕಳನ್ನು ಬೆಳೆಸಿದ ಯಜಮಾನರು, ಅಲ್ಲಿ 20 ಡಾಲರಿನ ಒಂದು ನೋಟನ್ನು ಸ್ಲಾಟ್ ಯಂತ್ರದ ಬಾಯಿಗೆ ಕೊಟ್ಟು ಅರ್ಧ ಗಂಟೆ ಕೂತದ್ದನ್ನು ನಗುತ್ತಲೇ ಹೇಳುತ್ತಾರೆ. ‘ಎಷ್ಟು ಬಂತು?’ ಎಂದು ಕೇಳಿದರೆ, ‘ಬರುವುದೇನು ಬಂತು, ಇದ್ದದ್ದೂ ಹೋಯಿತು. ಆದರೆ ಚೆನ್ನಾಗಿತ್ತು ಕಣಯ್ಯ’ ಎನ್ನುತ್ತಾರೆ.

ಈ ಉತ್ತರ ಯೋಚನೆಗೆ ಹಚ್ಚುವಂಥದು. ತರಕಾರಿಯವನು ಒಂದು ರೂಪಾಯಿ ಹೆಚ್ಚು ಕೇಳಿದರೆ ಬಿಡದೆ ಚೌಕಾಸಿ ಮಾಡುವ ಮನುಷ್ಯ, ಸಾವಿರಕ್ಕೂ ಹೆಚ್ಚು ರೂಪಾಯಿಗೆ ಸಮನಾದ ಹಣ ಕಣ್ಣೆದುರಿಗೇ ಕರಗಿಹೋದರೂ ಚೆನ್ನಾಗಿತ್ತು ಎಂದು ಹೇಳುವುದು ಹೇಗೆ? ಅವರು ಆ ಹಣಕ್ಕೆ ಕೊಂಡದ್ದಾದರೂ ಏನು? ಗೆಲುವನ್ನಂತೂ ಅಲ್ಲ. ಹಾಗಾದರೆ ಕ್ಯಾಸಿನೊ ಎಂಬ ಆ ಮಾಯಾಬಜಾರು ಬಂದ ಅತಿಥಿಗೆ ಮಾರುವ ಸರಕು ಯಾವುದು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚಿನ ಒಂದು ಇತಿಹಾಸವನ್ನು ನೋಡಬೇಕು. ಅಲ್ಲಿ ಅತಿಥಿಗೆ ಸಿಗುವ ಪ್ರತಿಯೊಂದು ಸುಖವನ್ನೂ, ಕಾಲಡಿಯ ರತ್ನಗಂಬಳಿಯಿಂದ ಹಿಡಿದು ಕಿವಿಗೆ ಬೀಳುವ ಸದ್ದಿನವರೆಗೆ, ಯಾರೋ ಒಬ್ಬರು ಒಂದು ಕಾಲದಲ್ಲಿ ಯೋಚಿಸಿ ಜೋಡಿಸಿದ್ದಾರೆ.

ಮೂರು ಚಕ್ರ, ಮೂರು ಕ್ಷಣ

ಕಥೆ ಆರಂಭವಾಗುವುದು ಅಮೆರಿಕದ ಸಾರಾಯಿ ಅಂಗಡಿಗಳಲ್ಲಿ. 1891ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಸಿಟ್‌ಮನ್ ಮತ್ತು ಪಿಟ್ ಎಂಬ ಸಂಸ್ಥೆ ಒಂದು ಇಸ್ಪೀಟು ಯಂತ್ರವನ್ನು ತಯಾರಿಸಿತು. ಐದು ಉರುಳೆಗಳ ಮೇಲೆ ಇಸ್ಪೀಟು ಎಲೆಗಳ ಚಿತ್ರ. 5 ಸೆಂಟಿನ ನಾಣ್ಯ ಹಾಕಿ ಹಿಡಿಕೆ ಎಳೆದರೆ ಉರುಳೆಗಳು ತಿರುಗಿ ಐದು ಎಲೆಗಳ ಒಂದು ‘ಕೈ’ ತೋರಿಸುತ್ತಿದ್ದವು. ಆದರೆ ಗೆದ್ದವನಿಗೆ ಹಣ ಕೊಡುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ಐದು ಎಲೆಗಳಲ್ಲಿ ಬರಬಹುದಾದ ಜೋಡಣೆಗಳು ಲೆಕ್ಕವಿಲ್ಲದಷ್ಟು. ಅವನ್ನೆಲ್ಲ ಗುರುತಿಸಿ ಹಣ ಎಣಿಸುವ ಯಂತ್ರ ಮಾಡುವುದು ಆ ಕಾಲದ ಕುಶಲಕರ್ಮಿಗೆ ಆಗದ ಮಾತು. ಅಂಗಡಿಯ ಯಜಮಾನನೇ ನೋಡಿ, ಬಿದ್ದ ಎಲೆಗಳಿಗೆ ತಕ್ಕಂತೆ ಒಂದು ಲೋಟ ಬಿಯರನ್ನೋ ಒಂದು ಚುಟ್ಟವನ್ನೋ ಕೊಡುತ್ತಿದ್ದ.

ಈ ತೊಡಕನ್ನು ಬಿಡಿಸಿದವನು ಚಾರ್ಲ್ಸ್ ಫೆ. 1862ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿ, ಬದುಕು ಅರಸಿ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದ ಯಂತ್ರಕುಶಲಿ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಅವನು ಮಾಡಿದ ‘ಲಿಬರ್ಟಿ ಬೆಲ್’ ಯಂತ್ರದಲ್ಲಿ ಐದರ ಬದಲು ಮೂರೇ ಚಕ್ರಗಳು. 50 ಎಲೆಗಳ ಬದಲು ಐದೇ ಗುರುತುಗಳು: ಕುದುರೆಯ ಲಾಳ, ಡೈಮನ್, ಇಸ್ಪೀಟು, ಆಟೀನು ಮತ್ತು ಅಮೆರಿಕದ ಸ್ವಾತಂತ್ರ್ಯದ ಗಂಟೆ. ಮೂರೂ ಚಕ್ರಗಳಲ್ಲಿ ಗಂಟೆ ಬಂದರೆ ಹತ್ತು ನಾಣ್ಯ, ಅಂದರೆ 50 ಸೆಂಟು, ಯಂತ್ರವೇ ಉದುರಿಸುತ್ತಿತ್ತು. ಗೆದ್ದವನು ಇನ್ನು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಯಾರೊಡನೆಯೂ ವಾದಿಸಬೇಕಾಗಿರಲಿಲ್ಲ. ಫೆ ತನ್ನ ಯಂತ್ರಗಳನ್ನು ಅಂಗಡಿಗಳಲ್ಲಿಟ್ಟು, ಬಂದ ಲಾಭವನ್ನು ಯಜಮಾನರೊಡನೆ ಅರ್ಧರ್ಧ ಹಂಚಿಕೊಳ್ಳುತ್ತಿದ್ದ.

ಈ ಯಂತ್ರದಲ್ಲಿ ಇನ್ನೊಂದು ಗುಟ್ಟಿತ್ತು. ಚಕ್ರಗಳು ಒಟ್ಟಿಗೆ ನಿಲ್ಲುತ್ತಿರಲಿಲ್ಲ. ಎಡಗಡೆಯದು ಮೊದಲು, ಆಮೇಲೆ ನಡುವಿನದು, ಕೊನೆಗೆ ಬಲಗಡೆಯದು. ಮೊದಲ ಗಂಟೆ ಬಂತು. ಎರಡನೆಯದೂ ಬಂತು. ಮೂರನೆಯದು? ಆ ಒಂದೆರಡು ಕ್ಷಣದಲ್ಲಿ ಆಡುವವನ ಉಸಿರು ನಿಂತಿರುತ್ತದೆ. ಫಲಿತಾಂಶವನ್ನು ಒಂದೇ ಏಟಿಗೆ ಹೇಳಿದ್ದರೆ ಅದು ಬರೀ ಚೀಟಿ ಎತ್ತಿದಂತಾಗುತ್ತಿತ್ತು. ತುಸು ತಡೆದು ಹೇಳಿದ್ದರಿಂದ ಅದು ಕಥೆಯಾಯಿತು. ಹರಿಕಥೆ ಕೇಳಿದವರಿಗೆ, ದಾಸರು ಮುಖ್ಯ ಘಟ್ಟ ಬಂದಾಗ ತಾಳ ನಿಲ್ಲಿಸಿ ಸಭೆಯನ್ನು ನೋಡುವ ಬಗೆ ನೆನಪಿರಬಹುದು. ಫೆ ಮಾಡಿದ ಯಂತ್ರವೂ ಹಾಗೆಯೇ ನಿಲ್ಲಿಸಿ ನೋಡುತ್ತಿತ್ತು. ಸ್ಲಾಟ್ ಆಟದ ಸುಖದ ಬೀಜ ಈ ತಡೆಯಲ್ಲಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ಮಾತು ಮತ್ತೆ ಬರುತ್ತದೆ.

ಅಟ್ಟಿದಷ್ಟೂ ಬೆಳೆದ ಯಂತ್ರ

ಯಂತ್ರ ಜನಪ್ರಿಯವಾದಷ್ಟೂ ಸಮಾಜ ಅದನ್ನು ಅನುಮಾನದಿಂದ ನೋಡಿತು. ಸ್ಯಾನ್‌ಫ್ರಾನ್ಸಿಸ್ಕೊ ನಗರ 1909ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯ 1911ರಲ್ಲಿ ಅದನ್ನು ನಿಷೇಧಿಸಿದವು. ಅಷ್ಟರಲ್ಲಿ ಶಿಕಾಗೊದ ಮಿಲ್ಸ್ ಕಂಪನಿ ಇಂಥದೇ ಯಂತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತ್ತು. ಕಾನೂನಿನ ಕಣ್ಣು ತಪ್ಪಿಸಲು ಒಂದು ಉಪಾಯ ಹುಟ್ಟಿತು. ಇದು ಜೂಜಿನ ಯಂತ್ರವಲ್ಲ, ಚ್ಯೂಯಿಂಗ್ ಗಮ್ ಮಾರುವ ಯಂತ್ರ ಎಂದು ಹೇಳುವುದು! ಇಸ್ಪೀಟು ಗುರುತುಗಳ ಜಾಗದಲ್ಲಿ ಚೆರ್ರಿ, ನಿಂಬೆ, ಕಿತ್ತಳೆ, ಪ್ಲಮ್ ಹಣ್ಣುಗಳ ಚಿತ್ರ ಬಂದವು. ಗಮ್ ಪೊಟ್ಟಣದ ಮೇಲಿನ ಕಂಪನಿಯ ಗುರುತೇ ‘ಬಾರ್’ ಎಂಬ ಚಿಹ್ನೆಯಾಯಿತು. ಇಂದಿಗೂ ಸ್ಲಾಟ್ ಯಂತ್ರಗಳಲ್ಲಿ ಚೆರ್ರಿಯೂ ಬಾರೂ ಕಾಣುತ್ತವೆ. ಇಂಗ್ಲೆಂಡಿನವರು ಈ ಯಂತ್ರವನ್ನು ಹಣ್ಣಿನ ಯಂತ್ರವೆಂದೇ ಕರೆಯುತ್ತಾರೆ. ಪೊಲೀಸರಿಗಾಗಿ ಹಾಕಿದ ವೇಷವೇ ಕೊನೆಗೆ ಸ್ವಂತ ರೂಪವಾಗಿ ಉಳಿದುಬಿಟ್ಟಿತು.

1934ರಲ್ಲಿ ನ್ಯೂಯಾರ್ಕಿನ ಮೇಯರ್ ಲಾ ಗ್ವಾರ್ಡಿಯಾ ಸುತ್ತಿಗೆ ಹಿಡಿದು ಈ ಯಂತ್ರಗಳನ್ನು ತಾವೇ ಒಡೆದು, ನೀರುಪಾಲು ಮಾಡಿಸಿದರು. ಪತ್ರಿಕೆಗಳಲ್ಲಿ ಆ ಚಿತ್ರ ಪ್ರಸಿದ್ಧವಾಯಿತು. ಜನ ಅದಕ್ಕೆ ‘ಒಂಟಿಗೈ ದರೋಡೆಕೋರ’ ಎಂಬ ಅಡ್ಡಹೆಸರನ್ನೂ ಇಟ್ಟಿದ್ದರು. 1951ರಲ್ಲಿ ಬಂದ ಕೇಂದ್ರ ಕಾನೂನು, ಯಂತ್ರಗಳನ್ನು ಒಪ್ಪದ ರಾಜ್ಯಗಳಿಗೆ ಅವನ್ನು ಸಾಗಿಸುವುದನ್ನೇ ತಡೆಯಿತು.

ಒಂದು ರಾಜ್ಯ ಮಾತ್ರ ಬೇರೆ ದಾರಿ ಹಿಡಿದಿತ್ತು. ಮರಳುಗಾಡಿನ ನೆವಾಡ 1931ರ ಮಾರ್ಚ್ 19ರಂದು ಜೂಜನ್ನು ಕಾನೂನುಬದ್ಧಗೊಳಿಸಿತು. ಅಮೆರಿಕವನ್ನೆಲ್ಲ ಆರ್ಥಿಕ ಕುಸಿತ ಕಾಡುತ್ತಿದ್ದ ಕಾಲ ಅದು. ಕೃಷಿಗೆ ನೀರಿಲ್ಲದ, ಗಣಿಗಳು ಬತ್ತುತ್ತಿದ್ದ ರಾಜ್ಯಕ್ಕೆ ಹೊರಗಿನವರು ಬಂದು ಹಣ ಬಿಟ್ಟುಹೋಗುವುದೇ ಆದಾಯದ ದಾರಿಯಾಗಿ ಕಂಡಿತು. ಇಲ್ಲಿಂದ ಮುಂದೆ ಸ್ಲಾಟ್ ಆಡುವವನು ಊರ ಸಾರಾಯಿ ಅಂಗಡಿಯ ಗಿರಾಕಿಯಾಗಿ ಉಳಿಯಲಿಲ್ಲ. ದೂರದಿಂದ ಪ್ರಯಾಣ ಮಾಡಿ ಬರುವ ಅತಿಥಿಯಾದ. ಅತಿಥಿಯೆಂದ ಮೇಲೆ ಸತ್ಕಾರ ಬೇಕಲ್ಲವೇ?

ಸಣ್ಣ ಗಿರಾಕಿಗೂ ಮರ್ಯಾದೆ

ಜೂಜುಕಟ್ಟೆಯೆಂದರೆ ಹೊಗೆ, ಜಗಳ, ಮೋಸ ಎಂದು ಜನ ತಿಳಿದಿದ್ದ ಕಾಲದಲ್ಲಿ ಅದಕ್ಕೆ ಸಭ್ಯತೆಯ ಮುಖ ಕೊಟ್ಟವರು ರೀನೋ ಪಟ್ಟಣದವರು. 1935ರಲ್ಲಿ ಸ್ಮಿತ್ ಕುಟುಂಬದವರು ಅಲ್ಲಿ ಹೆರಾಲ್ಡ್ಸ್ ಕ್ಲಬ್ ತೆರೆದರು. ಅಮೆರಿಕದ ಹೆದ್ದಾರಿಗಳ ಉದ್ದಕ್ಕೂ ಅದರ ಫಲಕಗಳು ನಿಂತವು. ಎಲ್ಲವನ್ನೂ ಕಳೆದುಕೊಂಡವನಿಗೆ ಊಟ ಹಾಕಿ ಊರಿಗೆ ಹೋಗಲು ದಾರಿಖರ್ಚು ಕೊಡುತ್ತಾರೆಂಬ ಹೆಸರು ಆ ಕ್ಲಬ್ಬಿಗಿತ್ತು. ಅದೇ ಊರಿನಲ್ಲಿ ವಿಲಿಯಂ ಹರಾ 1937ರಲ್ಲಿ ಒಂದು ಪುಟ್ಟ ಬಿಂಗೊ ಅಂಗಡಿಯಿಂದ ಆರಂಭಿಸಿ, 1946ರಲ್ಲಿ ದೊಡ್ಡ ಕ್ಲಬ್ ತೆರೆದ. ಅವನ ಹಟವೆಲ್ಲ ಶುಚಿತ್ವದ ಮೇಲೆ. ಕಸ ಕಾಣಬಾರದು, ಯಂತ್ರ ಕೆಟ್ಟು ನಿಂತಿರಬಾರದು, ಹೆಂಗಸರು ಒಂಟಿಯಾಗಿ ಬಂದು ಕೂತರೂ ಮುಜುಗರವಾಗಬಾರದು.

ಲಾಸ್ ವೇಗಸ್ಸಿನಲ್ಲಿ 1951ರಲ್ಲಿ ಹಾರ್ಸ್‌ಶೂ ಕ್ಲಬ್ ತೆರೆದ ಬೆನ್ನಿ ಬಿನಿಯನ್‌ನ ಹಿಂದಿನ ಬದುಕು ಅಷ್ಟೇನೂ ಚೊಕ್ಕವಾಗಿರಲಿಲ್ಲ. ಆದರೆ ಅವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಸಾವಿರ ಡಾಲರ್ ಕಟ್ಟುವವನಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. 5 ಸೆಂಟು ಹಾಕುವವನಿಗೆ ಯಾರೂ ಕೊಡುವುದಿಲ್ಲ. ಆ ಬಡಾವಣೆಯ ಜೂಜುಕಟ್ಟೆಗಳಲ್ಲಿ ನೆಲಕ್ಕೆ ಮರದ ಹೊಟ್ಟು ಹರಡುತ್ತಿದ್ದ ಕಾಲದಲ್ಲಿ ಅವನು ರತ್ನಗಂಬಳಿ ಹಾಸಿದ. ದೊಡ್ಡ ಕುಳಗಳಿಗೆ ಮಾತ್ರ ಸಿಗುತ್ತಿದ್ದ ಪುಕ್ಕಟೆ ಪಾನೀಯವನ್ನು ಸ್ಲಾಟ್ ಯಂತ್ರದ ಮುಂದೆ ನಿಂತವರಿಗೂ ಕಳಿಸಿದ. ಒಂದು ಲೋಟ ಪಾನೀಯದ ಬೆಲೆ ಎಷ್ಟು ಮಹಾ? ಆದರೆ ಕೂತಲ್ಲಿಗೇ ಒಬ್ಬರು ಬಂದು, ‘ಏನು ಬೇಕು’ ಎಂದು ಕೇಳುವುದಕ್ಕೆ ಬೆಲೆ ಕಟ್ಟುವುದು ಕಷ್ಟ. ಕಾರ್ಖಾನೆಯಲ್ಲೋ ಕಚೇರಿಯಲ್ಲೋ ವರ್ಷವೆಲ್ಲ ಇನ್ನೊಬ್ಬರ ಮಾತು ಕೇಳಿಕೊಂಡು ಬಂದವನಿಗೆ, ಎರಡು ದಿನದ ಮಟ್ಟಿಗೆ ತಾನೂ ದೊಡ್ಡ ಮನುಷ್ಯ ಎನ್ನಿಸುತ್ತಿತ್ತು.

ಊಟದ ಸಂಗತಿಯೂ ಹೀಗೆಯೇ. ಎಷ್ಟು ಬೇಕಾದರೂ ತಿನ್ನಬಹುದಾದ ಅಗ್ಗದ ಬಫೆ ಲಾಸ್ ವೇಗಸ್ಸಿನಲ್ಲಿ 1940ರ ದಶಕದಲ್ಲಿ ಎಲ್ ರಾಂಚೊ ವೇಗಸ್ ಹೋಟೆಲಿನಲ್ಲಿ ಆರಂಭವಾಯಿತು. ಗೋಲ್ಡನ್ ಗೇಟ್ ಎಂಬ ಹಳೆಯ ಕ್ಯಾಸಿನೊ 1959ರಲ್ಲಿ ಒಂದು ಗಾಜಿನ ಲೋಟದ ತುಂಬ ಸೀಗಡಿಯನ್ನು 50 ಸೆಂಟಿಗೆ ಕೊಡತೊಡಗಿತು. 1991ರವರೆಗೂ ಅದೇ ಬೆಲೆ. ಮೂವತ್ತು ವರ್ಷ ಬೆಲೆಯೇರದ ಇನ್ನೊಂದು ತಿಂಡಿಯನ್ನು ತೋರಿಸಿ ನೋಡೋಣ! ಅತಿಥಿ ಊರಿಗೆ ಮರಳಿ ಸೋತ ಲೆಕ್ಕವನ್ನು ಹೇಳುತ್ತಿರಲಿಲ್ಲ, 50 ಸೆಂಟಿನ ಸೀಗಡಿಯ ಕಥೆ ಹೇಳುತ್ತಿದ್ದ. ನಷ್ಟದ ನಡುವೆಯೂ ಎಲ್ಲೋ ಒಂದು ಕಡೆ ತಾನೇ ಗೆದ್ದೆ ಎಂಬ ಸಮಾಧಾನವನ್ನು ಕ್ಯಾಸಿನೊ ಅವನ ಕೈಗೆ ಕಟ್ಟಿ ಕಳಿಸುತ್ತಿತ್ತು.

ನಾಣ್ಯದ ಸದ್ದು

ಇಷ್ಟಾದರೂ ಬಹುಕಾಲ ಕ್ಯಾಸಿನೊಗಳ ಮುಖ್ಯ ಆದಾಯ ಬಂದದ್ದು ದಾಳ ಮತ್ತು ಇಸ್ಪೀಟಿನ ಮೇಜುಗಳಿಂದ. ಸ್ಲಾಟ್ ಯಂತ್ರಗಳು ಗೋಡೆಯ ಬದಿಗೆ ನಿಂತಿದ್ದವು. ಗಂಡಂದಿರು ಮೇಜಿನ ಮುಂದೆ ಕೂತಾಗ ಹೆಂಡಂದಿರಿಗೆ ಹೊತ್ತು ಹೋಗಲಿ ಎಂಬುದಷ್ಟೇ ಅವುಗಳ ಮೇಲಿನ ನಂಬಿಕೆ. ಮೇಜಿನ ಆಟಕ್ಕೆ ನಿಯಮ ತಿಳಿದಿರಬೇಕು. ತಪ್ಪಿದರೆ ಎದುರಿನವರ ಕಣ್ಣಿಗೆ ಸಣ್ಣವರಾಗಬೇಕು. ಯಂತ್ರದ ಮುಂದೆ ಆ ಭಯವಿಲ್ಲ. ಹಸ್ತಿನಾವತಿಯ ದ್ಯೂತದಲ್ಲಿ ಎದುರಿಗೆ ಕೂತು ನಗುವ ಶಕುನಿಯಾದರೂ ಇದ್ದ. ಇಲ್ಲಿ ಎದುರಾಳಿಯೇ ಇಲ್ಲ. ಹೊಸಬನಿಗೆ ಇದಕ್ಕಿಂತ ಹಿತವಾದ ಆಟ ಇನ್ನೊಂದಿಲ್ಲ.

1963ರಲ್ಲಿ ಬಾಲಿ ಕಂಪನಿಯ ‘ಮನಿ ಹನಿ’ ಎಂಬ ವಿದ್ಯುತ್ ಯಂತ್ರ ಬಂದ ಮೇಲೆ ಚಿತ್ರ ಬದಲಾಯಿತು. ಅದರ ಹೊಟ್ಟೆಯಲ್ಲಿ ದೊಡ್ಡ ನಾಣ್ಯದ ಗೂಡು. ಕೆಲಸಗಾರರ ಸಹಾಯವಿಲ್ಲದೆ 500 ನಾಣ್ಯಗಳವರೆಗೆ ಅದೇ ಉದುರಿಸಬಲ್ಲದು. ಕೆಳಗಿನ ಲೋಹದ ತಟ್ಟೆಗೆ ನಾಣ್ಯಗಳು ಬೀಳುವ ಝಣಝಣ ಸದ್ದು ಇಡೀ ಹಜಾರಕ್ಕೆ ಕೇಳುತ್ತಿತ್ತು. ಗೆದ್ದವನು ಒಬ್ಬನಾದರೂ ಸದ್ದು ನೂರು ಜನರ ಕಿವಿಗೆ. ಸೋಲಿಗೆ ಸದ್ದಿಲ್ಲ. ಹೀಗಾಗಿ ಒಳಗೆ ಬಂದವನಿಗೆ ಎಲ್ಲರೂ ಗೆಲ್ಲುತ್ತಿದ್ದಾರೆ ಎನ್ನಿಸುವುದು ಸಹಜ. ಆ ಕಾಲಕ್ಕೆ ಹೋಗಿಬಂದವರು ಇಂದಿಗೂ ನೆನೆಯುವುದು ಈ ಸದ್ದನ್ನು, ನಾಣ್ಯ ತುಂಬಿದ ಪ್ಲಾಸ್ಟಿಕ್ ಲೋಟವನ್ನು, ಎಣಿಸಿ ಎಣಿಸಿ ಕಪ್ಪಾದ ಬೆರಳುಗಳನ್ನು.

ದೊಡ್ಡ ಬಹುಮಾನದ ಆಸೆಗೂ ಯಂತ್ರಶಾಸ್ತ್ರ ದಾರಿ ಮಾಡಿಕೊಟ್ಟಿತು. ಒಂದು ಚಕ್ರಕ್ಕೆ 22 ನಿಲುಗಡೆಗಳಿದ್ದರೆ ಮೂರು ಚಕ್ರಗಳ ಒಟ್ಟು ಜೋಡಣೆ 10,648. ಅಂದರೆ ಅತಿ ದೊಡ್ಡ ಬಹುಮಾನ ಸರಾಸರಿ ಹತ್ತು ಸಾವಿರ ಆಟಕ್ಕೊಮ್ಮೆ ಬಂದೇ ಬರುತ್ತದೆ. ಹಾಗಿರುವಾಗ ಲಕ್ಷಗಟ್ಟಲೆ ಡಾಲರ್ ಕೊಡುವುದು ಹೇಗೆ? 1984ರಲ್ಲಿ ಇಂಗೆ ಟೆಲ್ನೆಸ್ ಎಂಬ ತಂತ್ರಜ್ಞ ಪಡೆದ ಪೇಟೆಂಟ್ ಇದಕ್ಕೆ ಉತ್ತರ. ಫಲಿತಾಂಶವನ್ನು ಒಳಗಿರುವ ಕಂಪ್ಯೂಟರ್ ಮೊದಲೇ ಆರಿಸುತ್ತದೆ. ಕಣ್ಣಿಗೆ ಕಾಣುವ ಚಕ್ರ ಅದನ್ನು ತೋರಿಸುತ್ತದೆ, ಅಷ್ಟೆ. ಕಾಣದ ಚಕ್ರಕ್ಕೆ 64 ನಿಲುಗಡೆಗಳೆಂದುಕೊಂಡರೆ ಜೋಡಣೆಗಳು 2,62,144ಕ್ಕೆ ಏರುತ್ತವೆ. ನೋಡುವವನ ಕಣ್ಣಿಗೆ ಮಾತ್ರ ಅದೇ ಹಳೆಯ ಚಕ್ರ! ಬಹುಮಾನದ ಚಿಹ್ನೆ ಗೆರೆಯ ಮೇಲೋ ಕೆಳಗೋ ಒಂದು ಕೂದಲಷ್ಟು ಅಂತರದಲ್ಲಿ ನಿಂತಾಗ ‘ಇನ್ನೇನು ಬಂದೇಬಿಟ್ಟಿತ್ತು’ ಎನ್ನಿಸುತ್ತದೆ. ಹಾಗೆ ಅನ್ನಿಸುವ ಸಂದರ್ಭಗಳು ಹೆಚ್ಚಾಗುವಂತೆ ಕಾಣದ ಚಕ್ರವನ್ನು ಜೋಡಿಸಲು ಸಾಧ್ಯವಾಯಿತು. ಫೆ ಕಂಡುಹಿಡಿದ ಆ ತಡೆಯ ಸುಖವನ್ನು ಲೆಕ್ಕ ಹಾಕಿ ಬಡಿಸುವ ಕಾಲ ಇಲ್ಲಿಂದ ಶುರುವಾಯಿತು.

ಇದರ ಮುಂದಿನ ಹೆಜ್ಜೆಯೇ 1986ರ ‘ಮೆಗಾಬಕ್ಸ್’. ನೆವಾಡದ ಅನೇಕ ಕ್ಯಾಸಿನೊಗಳ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ಎಲ್ಲ ಕಡೆಯ ಹಣವೂ ಒಂದೇ ಬಹುಮಾನಕ್ಕೆ ಸೇರುವಂತೆ ಮಾಡಲಾಯಿತು. 2003ರ ಮಾರ್ಚಿನಲ್ಲಿ ಎಕ್ಸ್‌ಕ್ಯಾಲಿಬರ್ ಕ್ಯಾಸಿನೊದಲ್ಲಿ ಒಬ್ಬ ಯುವಕನಿಗೆ ಇದರಿಂದ 3 ಕೋಟಿ 97 ಲಕ್ಷ ಡಾಲರ್ ಬಂತು.

ಜಟಿಲ ದಾರಿಯೋ, ಬೆಳಕಿನ ಅಂಗಳವೋ?

ಯಂತ್ರದಷ್ಟೇ ಮುಖ್ಯವಾದದ್ದು ಅದು ನಿಂತ ಕಟ್ಟಡ. ಕ್ಯಾಸಿನೊಗಳಲ್ಲಿ ಗಡಿಯಾರವಿಲ್ಲ, ಕಿಟಕಿಯಿಲ್ಲ ಎಂಬುದನ್ನು ಎಲ್ಲರೂ ಕೇಳಿದ್ದಾರೆ. ಜನ ದಣಿಯದಿರಲೆಂದು ಒಳಗೆ ಆಮ್ಲಜನಕ ಬಿಡುತ್ತಾರೆ ಎಂಬ ಮಾತೂ ಇದೆ; ಅದು ಬರೀ ಕಟ್ಟುಕಥೆ. ಆದರೆ ಕಟ್ಟಡದ ವಿನ್ಯಾಸದ ಬಗ್ಗೆ ನಿಜವಾದ ವಾದವೇ ನಡೆದಿದೆ.

ತಾನೇ ಒಂದು ಕಾಲಕ್ಕೆ ಜೂಜಿನ ಚಟಕ್ಕೆ ಬಿದ್ದಿದ್ದು, ಆಮೇಲೆ ಕ್ಯಾಸಿನೊ ನಡೆಸಿದ ಬಿಲ್ ಫ್ರೀಡ್‌ಮನ್ 2000ದಲ್ಲಿ ಈ ಕುರಿತು ಒಂದು ದಪ್ಪ ಪುಸ್ತಕ ಪ್ರಕಟಿಸಿದರು. ತಗ್ಗಾದ ಚಾವಣಿ, ಅಂಕುಡೊಂಕಾದ ಹಾದಿ, ಎಲ್ಲಿ ತಿರುಗಿದರೂ ಯಂತ್ರವೇ ಕಾಣಬೇಕು ಎಂಬುದು ಅವರ ವಾದ. ಬಾಗಿಲ ದಾರಿ ಸುಲಭವಾಗಿ ಕಾಣಬಾರದು. ಇದಕ್ಕೆ ತೀರ ವಿರುದ್ಧವಾದದ್ದು 1998ರಲ್ಲಿ ತೆರೆದ ಬೆಲಾಜಿಯೊ. ಅದರ ಒಳಾಂಗಣ ರೂಪಿಸಿದ ರೋಜರ್ ಥಾಮಸ್ ಎತ್ತರದ ಚಾವಣಿ, ಹಗಲಿನ ಬೆಳಕು, ಹೂದೋಟಗಳನ್ನು ತಂದರು. ಕಟ್ಟಡದ ಮುಂದೆ ಕುಣಿಯುವ ಕಾರಂಜಿ. ಉಸಿರುಗಟ್ಟಿದವನು ಎದ್ದು ಹೋಗುತ್ತಾನೆ, ಹಾಯೆನ್ನಿಸಿದವನು ತಾನಾಗಿ ಉಳಿಯುತ್ತಾನೆ ಎಂಬುದು ಅವರ ನಂಬಿಕೆ. ಬೆಲಾಜಿಯೊದ ಯಶಸ್ಸು ಆ ನಂಬಿಕೆಗೆ ಸಾಕ್ಷಿಯಾಯಿತು. ಮುಂದೆ ಬಂದ ದೊಡ್ಡ ಕ್ಯಾಸಿನೊಗಳು ಹೆಚ್ಚಾಗಿ ಈ ದಾರಿಯನ್ನೇ ಹಿಡಿದವು.

ಪರಿಮಳವನ್ನೂ ಬಿಡಲಿಲ್ಲ. ಲಾಸ್ ವೇಗಸ್ಸಿನ ಒಂದು ಕ್ಯಾಸಿನೊದಲ್ಲಿ ಸ್ಲಾಟ್ ಯಂತ್ರಗಳ ಬಳಿ ಹಿತವಾದ ಸುವಾಸನೆ ಹರಡಿದಾಗ ಆಟಕ್ಕೆ ಬಿದ್ದ ಹಣ ಶೇಕಡಾ 45ರಷ್ಟು ಹೆಚ್ಚಿತೆಂದು ಅಲನ್ ಹಿರ್ಷ್ ಎಂಬ ವೈದ್ಯರು 1995ರಲ್ಲಿ ಬರೆದರು. ಇನ್ನು 1980ರ ದಶಕದಿಂದ ಬಂದ ಸದಸ್ಯತ್ವದ ಕಾರ್ಡು, ಅತಿಥಿ ಎಷ್ಟು ಆಡಿದ, ಯಾವ ಯಂತ್ರ ಮೆಚ್ಚಿದ ಎಂಬುದನ್ನೆಲ್ಲ ಗುರುತಿಟ್ಟುಕೊಳ್ಳತೊಡಗಿತು. ಅದಕ್ಕೆ ತಕ್ಕಂತೆ ಪುಕ್ಕಟೆ ಊಟ, ಕೋಣೆ, ಹುಟ್ಟುಹಬ್ಬದ ಶುಭಾಶಯ. ಬಿನಿಯನ್ ಕಣ್ಣಳತೆಯಿಂದ ಮಾಡುತ್ತಿದ್ದ ಸತ್ಕಾರವನ್ನು ಈಗ ಕಂಪ್ಯೂಟರ್ ಮಾಡುತ್ತದೆ.

ಬಿಡುವಿನ ಬೆಲೆ

ಇಲ್ಲಿಯವರೆಗೆ ಹೇಳಿದ ಸುಖಗಳಲ್ಲಿ ಒಂದು ಸಮಾನ ಅಂಶವಿದೆ. ಪಾನೀಯ ಬಂದಾಗ ಆಟ ಒಂದು ನಿಮಿಷ ನಿಲ್ಲುತ್ತದೆ. ನಾಣ್ಯ ಎಣಿಸುವಾಗ, ಚಿಲ್ಲರೆಯ ಹುಡುಗಿಯನ್ನು ಕೂಗಿ ಕರೆಯುವಾಗ, ಖಾಲಿಯಾದ ಯಂತ್ರಕ್ಕೆ ನಾಣ್ಯ ತುಂಬಿಸುವಾಗ, ಪಕ್ಕದವನ ಗೆಲುವನ್ನು ನೋಡಲು ತಿರುಗಿದಾಗಲೂ ನಿಲ್ಲುತ್ತದೆ. ಹಿಡಿಕೆ ಎಳೆದು ತೋಳು ನೋಯುವುದೂ ಒಂದು ತಡೆಯೇ. ಈ ಬಿಡುವುಗಳಲ್ಲಿ ಮನುಷ್ಯ ಸುತ್ತ ನೋಡುತ್ತಾನೆ, ನಗುತ್ತಾನೆ, ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ‘ಸಾಕು, ಏಳೋಣ’ ಎಂದು ಹೆಂಡತಿ ಹೇಳುವುದೂ ಇಂಥ ಹೊತ್ತಿನಲ್ಲಿಯೇ.

ಯಂತ್ರದ ಚರಿತ್ರೆಯಲ್ಲಿ ಕಳೆದ ನಲವತ್ತು ವರ್ಷಗಳ ಸುಧಾರಣೆಯೆಂದರೆ ಬಹುಮಟ್ಟಿಗೆ ಈ ಬಿಡುವುಗಳನ್ನು ಒಂದೊಂದಾಗಿ ತೆಗೆದುಹಾಕಿದ್ದು. ಹಿಡಿಕೆಯ ಜಾಗಕ್ಕೆ ಗುಂಡಿ ಬಂತು. ನಾಣ್ಯದ ಜಾಗಕ್ಕೆ ನೋಟು ನುಂಗುವ ಬಾಯಿ ಬಂತು. 2000ದ ಈಚೆಗೆ ಗೆದ್ದ ಹಣ ಮುದ್ರಿತ ಚೀಟಿಯಾಗಿ ಹೊರಬರತೊಡಗಿ, ನಾಣ್ಯವೇ ಮಾಯವಾಯಿತು. ಈಗ ಕೇಳುವ ಝಣಝಣ ಸದ್ದು ಧ್ವನಿಮುದ್ರಣ. 1976ರಲ್ಲಿ ಲಾಸ್ ವೇಗಸ್ ಹಿಲ್ಟನ್ ಹೋಟೆಲಿನಲ್ಲಿ ಮೊದಲು ಕಂಡ ವಿಡಿಯೊ ಯಂತ್ರದ ವಂಶಜರಲ್ಲಿ ಚಕ್ರಗಳೇ ಇಲ್ಲ, ಪರದೆಯ ಮೇಲಿನ ಚಿತ್ರಗಳಷ್ಟೆ. ಒಂದೇ ಆಟದಲ್ಲಿ ಹತ್ತಾರು ಗೆರೆಗಳ ಮೇಲೆ ಪಣ ಕಟ್ಟಬಹುದು. ಒಂದು ಡಾಲರ್ ಕಟ್ಟಿ 30 ಸೆಂಟು ಬಂದರೂ ಯಂತ್ರ ಗಂಟೆ ಬಾರಿಸಿ ಅಭಿನಂದಿಸುತ್ತದೆ. ಸೋತದ್ದು 70 ಸೆಂಟು, ಸಂಭ್ರಮ ಮಾತ್ರ ಗೆಲುವಿನದು!

ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹಾಕಿದ ಹಣದಲ್ಲಿ ಸರಾಸರಿ ಶೇಕಡಾ 95ರಷ್ಟನ್ನು ಹಿಂದಿರುಗಿಸುವ ಒಂದು ಉದಾರ ಯಂತ್ರವಿದೆ ಎಂದುಕೊಳ್ಳೋಣ. (ನೆವಾಡದ ಕಾನೂನು ಕೇಳುವುದು ಕನಿಷ್ಠ 75, ನ್ಯೂಜೆರ್ಸಿಯದು 83.) ಪ್ರತಿ ಆಟಕ್ಕೆ ಒಂದು ಡಾಲರ್. ಹಿಡಿಕೆ ಎಳೆದು, ನಾಣ್ಯ ಎಣಿಸಿ, ಹರಟುತ್ತ ಗಂಟೆಗೆ 300 ಆಟ ಆಡಿದರೆ ಸರಾಸರಿ ನಷ್ಟ 15 ಡಾಲರ್. ಗುಂಡಿ ಒತ್ತುತ್ತ 900 ಆಟ ಆಡಿದರೆ 45 ಡಾಲರ್. ಯಂತ್ರ ಅದೇ, ಔದಾರ್ಯವೂ ಅದೇ. ಬಿಡುವು ಇಲ್ಲದ್ದಕ್ಕೆ ತೆತ್ತ ಬೆಲೆ 30 ಡಾಲರ್.

ಹಣಕ್ಕಿಂತ ದೊಡ್ಡ ನಷ್ಟವೊಂದಿದೆ. ನತಾಶಾ ಡೌ ಶುಲ್ ಎಂಬ ಮಾನವಶಾಸ್ತ್ರಜ್ಞೆ ಲಾಸ್ ವೇಗಸ್ಸಿನಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿ 2012ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅವರು ಮಾತನಾಡಿಸಿದ ಚಟದ ಆಟಗಾರರು, ತಾವು ಕೂರುವುದು ಗೆಲ್ಲಲು ಅಲ್ಲ, ಆಡುತ್ತಲೇ ಇರಲು ಎಂದು ಹೇಳಿದರು. ಯಂತ್ರದ ಮುಂದೆ ಸಮಯ, ಹಣ, ಮನೆ, ಮೈಯ ನೋವು ಎಲ್ಲವೂ ಮರೆತುಹೋಗುವ ಒಂದು ಮಂಪರು ಅವರಿಗೆ ಬೇಕಾಗಿತ್ತು. ಅಲ್ಲಿ ಸಂತೋಷವೆಂಬುದೂ ಇರಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇವರಲ್ಲಿ ಬಹಳ ಮಂದಿ ಪ್ರವಾಸಿಗಳಲ್ಲ, ಅದೇ ಊರಿನ ನಿವಾಸಿಗಳು. ದಿನಸಿ ಅಂಗಡಿಯಲ್ಲೂ ಯಂತ್ರಗಳಿರುವ ಊರದು.

ಹೋಗುವ ದಾರಿ ಗೊತ್ತಿದ್ದರೆ

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ರವಾಸಿಯ ಕೈಯಲ್ಲಿ ಮರಳುವ ಟಿಕೆಟ್ ಇದೆ. ನಾಳೆ ಬೆಳಿಗ್ಗೆ ಹೊರಡಲೇಬೇಕು. ಜೊತೆಗೆ ಬಂದವರು ಊಟಕ್ಕೆ ಕಾಯುತ್ತಿರುತ್ತಾರೆ. ಕಾರಂಜಿ ನೋಡಬೇಕು, ದೀಪ ನೋಡಬೇಕು. ಯಂತ್ರದಿಂದ ಕಿತ್ತುಹಾಕಿದ ಬಿಡುವನ್ನು ಪ್ರವಾಸವೇ ಅವನಿಗೆ ಮರಳಿ ಕೊಡುತ್ತದೆ. 20 ಡಾಲರ್ ಎಂದು ಮೊದಲೇ ಗೊತ್ತುಮಾಡಿಕೊಂಡು ಕೂತ ನಮ್ಮ ಯಜಮಾನರು ಕೊಂಡದ್ದು ಅರ್ಧ ಗಂಟೆಯ ಒಂದು ನಾಟಕವನ್ನು. ನಾಟಕ ಮುಗಿಯುವುದು ಗೊತ್ತಿದ್ದರಿಂದಲೇ ಅದು ಚೆನ್ನಾಗಿತ್ತು.

ಅದೇ ಯಂತ್ರ ಮನೆಯ ಪಕ್ಕಕ್ಕೆ ಬಂದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. ನ್ಯೂ ಸೌತ್ ವೇಲ್ಸ್ ರಾಜ್ಯ 1956ರಲ್ಲಿ ಬಡಾವಣೆಯ ಕ್ಲಬ್ಬುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅನುಮತಿ ಕೊಟ್ಟಿತು. ಆ ದೇಶದ ಸರ್ಕಾರಿ ಆಯೋಗವೊಂದು 2010ರಲ್ಲಿ ಅಂದಾಜು ಮಾಡಿದಂತೆ, ಇಂಥ ಯಂತ್ರಗಳಿಗೆ ಬೀಳುವ ಹಣದಲ್ಲಿ ಸುಮಾರು ಶೇಕಡಾ 40ರಷ್ಟು ಜೂಜಿನಿಂದ ತೊಂದರೆಗೊಳಗಾದವರದೇ. ಪಶ್ಚಿಮ ಆಸ್ಟ್ರೇಲಿಯ ಮಾತ್ರ ಅವನ್ನು ಪರ್ತ್ ನಗರದ ಒಂದೇ ಕ್ಯಾಸಿನೊದೊಳಗೆ ಇಟ್ಟುಕೊಂಡಿತು. ಆಡಬೇಕೆಂದರೆ ಅಲ್ಲಿಗೇ ಹೋಗಬೇಕು, ಮುಗಿಸಿ ಮನೆಗೆ ಬರಬೇಕು.

ನಮಗೂ ಇದು ದೂರದ ಮಾತಲ್ಲ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ದಾರಿ ಮಾಡಿತು. ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳಿಗೆ ವಾರದ ಕೊನೆಯಲ್ಲಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಂದ ಹೋಗುವವರಿದ್ದಾರೆ. ಪ್ರವೇಶದ ಹಣದಲ್ಲೇ ಊಟ, ಪಾನೀಯ, ಹಾಡು ಕುಣಿತ ಸೇರಿಸಿ ಕೊಡುವ ಪದ್ಧತಿ ಕಂಡಾಗ ಬಿನಿಯನ್‌ನ ನೆನಪಾಗದೆ ಇರದು. ಅಲ್ಲಿಂದಲೂ ನಗುತ್ತ ಬರುವವರಿದ್ದಾರೆ, ಮನೆಯಲ್ಲಿ ಹೇಳಲಾಗದ ಸಾಲ ಹೊತ್ತು ಬರುವವರಿದ್ದಾರೆ. ಇನ್ನು ಜೇಬಿನ ಫೋನಿನೊಳಗೆ ಬಂದು ಕೂತ ಆಟಗಳಿಗೆ ಹೊಳೆ ದಾಟುವ ತೊಂದರೆಯೂ ಇರಲಿಲ್ಲ, ಮರಳುವ ಬಸ್ಸೂ ಇರಲಿಲ್ಲ. ಹಣ ಕಟ್ಟಿ ಆಡುವ ಅಂಥ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಬೇಕಾಗಿ ಬಂತು.

ಜೂಜು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪನ್ನು ಓದುಗರಿಗೇ ಬಿಡೋಣ. ಆದರೆ ಈ ಇತಿಹಾಸ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಒಳಗೆ ಕೂತವನ ಸುಖ ಹೆಚ್ಚಿದ್ದು ಚಕ್ರ ತಡೆದು ನಿಂತಾಗ, ಯಾರೋ ಬಂದು ಮಾತನಾಡಿಸಿದಾಗ, ಎದ್ದು ಹೊರಗೆ ಬಂದಾಗ. ಅಂಥ ಪ್ರವಾಸಕ್ಕೆ ಹೊರಟವರು ಎಷ್ಟು ಹಣ ತೆಗೆದುಕೊಂಡು ಹೋಗುತ್ತೀರೆಂಬುದನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಒಬ್ಬರೇ ಹೋಗಬೇಡಿ, ‘ಸಾಕು ಏಳ್ರೀ’ ಎಂದು ತೋಳು ಹಿಡಿದು ಎಬ್ಬಿಸುವವರೊಬ್ಬರು ಪಕ್ಕದಲ್ಲಿರಲಿ. ಪುಕ್ಕಟೆ ಪಾನೀಯಕ್ಕಿಂತಲೂ ರತ್ನಗಂಬಳಿಗಿಂತಲೂ ದೊಡ್ಡ ಸೌಕರ್ಯ ಅದು. ಯಾವ ಕ್ಯಾಸಿನೊವೂ ಅದನ್ನು ಒದಗಿಸುವುದಿಲ್ಲ.